ಮಯೋಗ್ಲೋಬಿನ್ ಮೇಲೆ 3000 ಬಾರ್: ಮೂರು ಬ್ಯಾರೊಸ್ಟ್ಯಾಟ್, ಎರಡು ನೀರು

ಪ್ರೋಟೀನ್ ಮೇಲೆ ಒತ್ತಡ ಹಾಕಿ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಶನ್ ಮಾಡಲು ಹೊರಟವರು ಮೊದಲು ಕೇಳುವುದು ‘ಯಾವ ಬ್ಯಾರೊಸ್ಟ್ಯಾಟ್ ಹಾಕಲಿ?’ ಅಂತ. ಬ್ಯಾರೊಸ್ಟ್ಯಾಟ್ ಅಂದರೆ ಅಣುಗಳಿರುವ ಪೆಟ್ಟಿಗೆಯ ಒತ್ತಡವನ್ನು ಹೇಳಿದ ಮಟ್ಟದಲ್ಲಿ ಇಡುವ ಲೆಕ್ಕದ ವಿಧಾನ. ಯಾವ ನೀರು, ಅಂದರೆ ನೀರಿನ ಅಣುವಿನ ಯಾವ ಮಾದರಿ ಹಾಕಲಿ ಅಂತ ಕೇಳುವವರು ಕಡಿಮೆ. ನಾನು ಗ್ರೋಮ್ಯಾಕ್ಸ್ ಅನ್ನುವ ಸಿಮ್ಯುಲೇಶನ್ ತಂತ್ರಾಂಶದಲ್ಲಿ ಎರಡನ್ನೂ ಬದಲಾಯಿಸಿ ಓಡಿಸಿ ನೋಡಿದ್ದೇನೆ. ಬ್ಯಾರೊಸ್ಟ್ಯಾಟ್ ಜಗಳ ಬೇಗ ಬಗೆಹರಿಯಿತು. ನೀರಿನದ್ದು ಇನ್ನೂ ಪೂರ್ತಿ ಬಗೆಹರಿದಿಲ್ಲ.

ಆರಿಸಿಕೊಂಡದ್ದು ಸ್ಪರ್ಮ್ ತಿಮಿಂಗಿಲದ ಮಯೋಗ್ಲೋಬಿನ್. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಪ್ರೋಟೀನ್ ಇದು. 153 ಅಮೈನೊ ಆಮ್ಲ, ಒಂದೇ ಹೀಮ್ (ನಡುವೆ ಕಬ್ಬಿಣ ಇರುವ, ತಟ್ಟೆಯಂಥ ಭಾಗ). ಜಾನ್ ಕೆಂಡ್ರೂ ತಂಡ 1958ರಲ್ಲೇ ಇದರ ಆಕಾರ ಕಂಡುಕೊಂಡಿತ್ತು, ಹಾಗಾಗಿ ಹೋಲಿಸಿ ನೋಡಲು ರಚನೆಗಳಿಗೆ ಬರವಿಲ್ಲ. ಆ ತಿಮಿಂಗಿಲ ಒಂದು ಕಿಲೋಮೀಟರ್‌ಗಿಂತ ಆಳಕ್ಕೆ ಮುಳುಗುತ್ತದೆ, ಅಂದರೆ 100 ಬಾರ್ ದಾಟಿದ ಒತ್ತಡ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಹಾಗಂತ ಸಿಮ್ಯುಲೇಶನ್‌ನಲ್ಲಿ ಸುಮ್ನೆ 100 ಬಾರ್ ಹಾಕಿದರೆ ಏನೂ ಕಾಣುವುದಿಲ್ಲ. ಹತ್ತು ಸಾವಿರ ನೀರಿನ ಅಣುಗಳ ಪೆಟ್ಟಿಗೆಯಲ್ಲಿ ಕ್ಷಣಕ್ಷಣದ ಒತ್ತಡವೇ ಅಷ್ಟು ಏರಿಳಿಯುತ್ತಿರುತ್ತದೆ. ಸರಾಸರಿ ಗಾತ್ರ ಸರಿಯಾಗಿ ಸಿಗುತ್ತದೆ, ನಿಜ. ಆದರೆ ಪ್ರೋಟೀನ್‌ನಲ್ಲಿ ಆದ ಬದಲಾವಣೆ ಗದ್ದಲದಲ್ಲಿ ಮುಳುಗಿ ಹೋಗುತ್ತದೆ. ಅದಕ್ಕೇ 1, 1000, 2000, 3000 ಬಾರ್ ಅಂತ ಮೆಟ್ಟಿಲು ಇಟ್ಟುಕೊಂಡೆ. ಮರಿಯಾನಾ ಕಂದಕದ ತಳದಲ್ಲಿ ಇರುವುದು ಸುಮಾರು 1100 ಬಾರ್. ಅದರಾಚೆಗಿನದ್ದು ಪ್ರಯೋಗಾಲಯದ ಒತ್ತಡ.

ಮೊದಲು ಬ್ಯಾರೊಸ್ಟ್ಯಾಟ್‌ಗಳು.

ಬೆರೆಂಡ್ಸನ್ ಹಳೆಯದು, 1984ರದ್ದು. 1 ಬಾರ್‌ನಲ್ಲಿದ್ದ ಪೆಟ್ಟಿಗೆಗೆ ಏಕಾಏಕಿ 3000 ಬಾರ್ ಕೊಟ್ಟರೂ ಗಲಾಟೆ ಮಾಡದೆ ಕುಗ್ಗಿ ನಿಲ್ಲುತ್ತದೆ. ಸರಾಸರಿ ಸಾಂದ್ರತೆಯೂ ಸರಿ ಬರುತ್ತದೆ. ಆದರೆ ಗಾತ್ರದ ಸಹಜ ಏರಿಳಿತವನ್ನು ಅದು ಅದುಮಿಬಿಡುತ್ತದೆ. ಹೊಸ ಗ್ರೋಮ್ಯಾಕ್ಸ್ ಇದಕ್ಕೆ ಎಚ್ಚರಿಕೆ ಕೊಟ್ಟು ನಿಲ್ಲಿಸುತ್ತದೆ. ಎಚ್ಚರಿಕೆ ಕಡೆಗಣಿಸುವ ಮ್ಯಾಕ್ಸ್‌ವಾರ್ನ್ ಆಯ್ಕೆ ಹಾಕಿ ದಾಟಿಸುವವರು ಇದ್ದೇ ಇದ್ದಾರೆ.

ಪ್ಯಾರಿನೆಲ್ಲೊ-ರಹಮಾನ್ 1981ರದ್ದು. ಇದರ ರಹಮಾನ್ ಅಂದರೆ ಹೈದರಾಬಾದ್‌ನಲ್ಲಿ ಹುಟ್ಟಿದ ಅನೀಸುರ್ ರಹಮಾನ್, 1964ರಲ್ಲಿ 864 ಆರ್ಗಾನ್ ಪರಮಾಣುಗಳನ್ನು ಕಂಪ್ಯೂಟರ್‌ನಲ್ಲಿ ಓಡಾಡಿಸಿದವರು. ಇದರಲ್ಲಿ ಏರಿಳಿತ ಸರಿಯಾಗಿ ಸಿಗುತ್ತದೆ. ಆದರೆ ಒತ್ತಡ ಒಂದೇ ಸಲ ಏರಿಸಿದರೆ ಪೆಟ್ಟಿಗೆ ಬೇಕಾದ್ದಕ್ಕಿಂತ ಜಾಸ್ತಿ ಕುಗ್ಗುತ್ತದೆ, ಮತ್ತೆ ಉಬ್ಬುತ್ತದೆ, ಮತ್ತೆ ಕುಗ್ಗುತ್ತದೆ. ರನ್ ಒಡೆದು ಹೋದರೂ ಆಶ್ಚರ್ಯವಿಲ್ಲ. ಒತ್ತಡ ಎಷ್ಟು ಬೇಗ ಸರಿಹೋಗಬೇಕು ಅನ್ನುವ ಟೌ-ಪಿ ಬೆಲೆಯನ್ನು 5 ಪಿಕೋಸೆಕೆಂಡಿನಷ್ಟು ಇಟ್ಟು, ಒತ್ತಡವನ್ನು ಹಂತಹಂತವಾಗಿ ಏರಿಸಿದರೆ ಸುಮ್ಮನಿರುತ್ತದೆ.

ಮೂರನೆಯದು ಸಿ-ರೀಸ್ಕೇಲ್. ಬರ್ನೆಟ್ಟಿ ಮತ್ತು ಬುಸ್ಸಿ 2020ರಲ್ಲಿ ಪ್ರಕಟಿಸಿದ್ದು, ಗ್ರೋಮ್ಯಾಕ್ಸ್‌ಗೆ 2021ರ ಆವೃತ್ತಿಯಲ್ಲಿ ಬಂತು. ಬೆರೆಂಡ್ಸನ್‌ನ ಮೆದು ನಡಿಗೆಗೆ ಸರಿಯಾದ ಪ್ರಮಾಣದ ಯಾದೃಚ್ಛಿಕ ಅಲುಗಾಟ ಸೇರಿಸಿದ್ದಾರೆ, ಅಷ್ಟೇ. ಒತ್ತಡ ಏರಿಸುವ ಹಂತಕ್ಕೂ ಇದೇ, ಮುಖ್ಯ ರನ್‌ಗೂ ಇದೇ.

ಮೂರನ್ನೂ ಅಳೆಯಲು ಒಂದು ಸುಲಭದ ಪರೀಕ್ಷೆ ಇದೆ. ನೀರು ಎಷ್ಟು ಕುಗ್ಗುತ್ತದೆ ಅನ್ನುವುದನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕಿ. ಒಂದು, ಒತ್ತಡ ಏರಿದಂತೆ ಸರಾಸರಿ ಗಾತ್ರ ಎಷ್ಟು ಇಳಿಯಿತು ಅನ್ನುವುದರಿಂದ. ಇನ್ನೊಂದು, ಒಂದೇ ಒತ್ತಡದಲ್ಲಿ ಗಾತ್ರ ಎಷ್ಟು ಅಲುಗಾಡಿತು ಅನ್ನುವುದರಿಂದ. ಎರಡೂ ಹೊಂದಬೇಕು. ಪ್ಯಾರಿನೆಲ್ಲೊ-ರಹಮಾನ್‌ನಲ್ಲೂ ಸಿ-ರೀಸ್ಕೇಲ್‌ನಲ್ಲೂ ಹೊಂದುತ್ತವೆ. ಬೆರೆಂಡ್ಸನ್‌ನಲ್ಲಿ ಎರಡನೇ ಉತ್ತರ ತೀರಾ ಕಡಿಮೆ ಬರುತ್ತದೆ. ಸೆಟ್ಟಿಂಗ್‌ನಲ್ಲಿ ಕೊಡುವ ಕಂಪ್ರೆಸಿಬಿಲಿಟಿಯನ್ನು (ಎಷ್ಟು ಕುಗ್ಗಬಲ್ಲದು ಅನ್ನುವ ಅಂಕಿಯನ್ನು) 3000 ಬಾರ್‌ಗೆ ಬದಲಾಯಿಸಬೇಕಾ ಅಂತ ಕೆಲವರು ತಲೆ ಕೆಡಿಸಿಕೊಳ್ಳುತ್ತಾರೆ. ಬೇಡ. ಪೆಟ್ಟಿಗೆ ಎಷ್ಟು ಬೇಗ ಹೊಂದಿಕೊಳ್ಳುತ್ತದೆ ಅನ್ನುವುದಷ್ಟೇ ಅದರಿಂದ ಬದಲಾಗುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದಲ್ಲ.

ಹಾಗಾಗಿ ಸಿ-ರೀಸ್ಕೇಲ್. ಈ ಚರ್ಚೆ ಇಲ್ಲಿಗೆ ಮುಗಿಯಿತು ಅಂತಲೇ ನನ್ನ ಅಭಿಪ್ರಾಯ.

ಈಗ ನೀರು. ಟಿಪ್3ಪಿ 1983ರ ಮಾದರಿ, ಎಲ್ಲರ ಕೈಗೂ ಮೊದಲು ಸಿಗುವುದು ಇದೇ. ಟಿಪ್4ಪಿ/2005 ಅನ್ನುವುದು ಅಬಾಸ್ಕಲ್ ಮತ್ತು ವೇಗಾ 2005ರಲ್ಲಿ ಮಾಡಿದ್ದು. ಮಾಮೂಲಿ 1 ಬಾರ್‌ನಲ್ಲಿ ಸಾಂದ್ರತೆ ಮಾತ್ರ ನೋಡಿದರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಒತ್ತಡ ಏರಿಸಿದಾಗ ಬಣ್ಣ ಬಯಲಾಗುತ್ತದೆ. 25 ಡಿಗ್ರಿಯಲ್ಲಿ ನಿಜವಾದ ನೀರಿನ ಸಾಂದ್ರತೆ (ಘನ ಸೆಂಟಿಮೀಟರ್‌ಗೆ ಗ್ರಾಂ ಲೆಕ್ಕದಲ್ಲಿ) 1000 ಬಾರ್‌ಗೆ ಸುಮಾರು 1.04, 2000ಕ್ಕೆ 1.07, 3000ಕ್ಕೆ 1.10. ಟಿಪ್4ಪಿ/2005 ಈ ಗೆರೆಯ ಪಕ್ಕದಲ್ಲೇ ನಡೆಯುತ್ತದೆ. ಟಿಪ್3ಪಿ ನಿಜವಾದ ನೀರಿಗಿಂತ ಸುಮಾರು ಕಾಲು ಭಾಗ ಜಾಸ್ತಿ ಕುಗ್ಗುವ ನೀರು. ಜೊತೆಗೆ ಅದರ ಅಣುಗಳು ನಿಜವಾದ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಹರಡುತ್ತವೆ.

ಪ್ರೋಟೀನ್ ನೋಡಲು ಬಂದವರಿಗೆ ನೀರಿನ ಗೊಡವೆ ಯಾಕೆ ಅಂತೀರಾ? ಒತ್ತಡ ಕೆಲಸ ಮಾಡುವುದೇ ನೀರಿನ ಮೂಲಕ. ಮಯೋಗ್ಲೋಬಿನ್ ಒಳಗೆ ಸಣ್ಣಸಣ್ಣ ಖಾಲಿ ಗೂಡುಗಳಿವೆ. ಕ್ಸೆನಾನ್ ಅನಿಲ ಹೋಗಿ ಕೂರುವ ನಾಲ್ಕು ಗೂಡುಗಳಂತೂ ಚೆನ್ನಾಗಿ ಗೊತ್ತಿರುವಂಥವು. ಒತ್ತಡ ಜಾಸ್ತಿಯಾದಷ್ಟೂ ಖಾಲಿ ಜಾಗ ದುಬಾರಿ. ಒಂದೋ ಗೂಡು ಕುಗ್ಗಬೇಕು, ಇಲ್ಲಾ ನೀರು ಒಳಗೆ ಬರಬೇಕು. ಹೀಮ್‌ನ ಕಡೆ ಬರುವ ದಾರಿಗೆ ಸರಪಳಿಯ 64ನೇ ಅಮೈನೊ ಆಮ್ಲವಾದ ಹಿಸ್ಟಿಡಿನ್ ಬಾಗಿಲು. ಟಿಪ್3ಪಿಯಲ್ಲಿ ಆ ಬಾಗಿಲ ಬಳಿ ನೀರು ಪಟಪಟ ಬಂದು ಹೋಗುತ್ತದೆ. ಟಿಪ್4ಪಿ/2005ರಲ್ಲಿ ಅದೇ ಜಾಗದಲ್ಲಿ ಒಂದೊಂದು ಅಣುವೂ ನಿಧಾನ, ಬಂದದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಬಾಗಿಲು ಎಷ್ಟು ಸಲ ತೆರೆಯಿತು ಅಂತ ಎಣಿಸುವುದೇ ನಿಮ್ಮ ಕೆಲಸವಾದರೆ ಟಿಪ್3ಪಿಯ ಲೆಕ್ಕ ನಂಬಬೇಡಿ.

ಹಾಗಿದ್ದರೆ ಎಲ್ಲರೂ ಟಿಪ್4ಪಿ/2005 ಬಳಸಬಹುದಲ್ವಾ? ತೊಡಕು ಇರುವುದು ಹೀಮ್‌ನಲ್ಲಿ. ಪರಮಾಣುಗಳ ನಡುವಿನ ಬಲಗಳ ಅಂಕಿಗಳ ಪಟ್ಟಿಗೆ ಫೋರ್ಸ್ ಫೀಲ್ಡ್ ಅನ್ನುತ್ತಾರೆ. ಚಾರ್ಮ್36 ಫೋರ್ಸ್ ಫೀಲ್ಡ್‌ನಲ್ಲಿ ಹೀಮ್ ಸಿದ್ಧವಾಗಿಯೇ ಸಿಗುತ್ತದೆ, ಆದರೆ ಅದನ್ನು ಹದ ಮಾಡಿರುವುದು ಟಿಪ್3ಪಿ ಜೊತೆ. ಟಿಪ್4ಪಿ/2005 ಜೊತೆಗೆ ಹೊಂದಿಸಿದ್ದು ಆಂಬರ್03ಡಬ್ಲ್ಯೂ ಅನ್ನುವ ಇನ್ನೊಂದು ಫೋರ್ಸ್ ಫೀಲ್ಡ್. ಅಲ್ಲಿ ಹೀಮ್‌ನ ಅಂಕಿಗಳನ್ನು ನಾವೇ ಹುಡುಕಿ ಸೇರಿಸಬೇಕು. ಬೇಸರದ ಕೆಲಸ. ಒಂದು ಅಣುವಿಗೆ ಮೂರರ ಬದಲು ನಾಲ್ಕು ಬಿಂದುವಿನ ನೀರಾದ್ದರಿಂದ ರನ್ ಕೂಡ ನಿಧಾನ.

ಯಾವುದನ್ನು ಹಿಡಿದರೂ ಎರಡು ಹಿಸ್ಟಿಡಿನ್‌ಗಳನ್ನು ಕಣ್ಣಾರೆ ನೋಡಲೇಬೇಕು. ಹಿಸ್ಟಿಡಿನ್‌ನ ಉಂಗುರದಲ್ಲಿ ಡೆಲ್ಟಾ, ಎಪ್ಸಿಲಾನ್ ಅಂತ ಎರಡು ನೈಟ್ರೋಜನ್ ಇರುತ್ತವೆ. 93ನೆಯದರ ಎಪ್ಸಿಲಾನ್ ನೈಟ್ರೋಜನ್ ಹೀಮ್‌ನ ಕಬ್ಬಿಣಕ್ಕೆ ಕಟ್ಟಿಕೊಂಡಿರುತ್ತದೆ, ಹಾಗಾಗಿ ಹೈಡ್ರೋಜನ್ ಇರಬೇಕಾದದ್ದು ಡೆಲ್ಟಾ ಕಡೆ. 64ನೆಯದರಲ್ಲಿ ಇದು ಉಲ್ಟಾ. ಅಲ್ಲಿ ಎಪ್ಸಿಲಾನ್ ಹೈಡ್ರೋಜನ್ನೇ ಆಮ್ಲಜನಕವನ್ನು ಹಿಡಿಯುವುದು. ಕಬ್ಬಿಣದ ಬಂಧವನ್ನು ಗ್ರೋಮ್ಯಾಕ್ಸ್ ವಿಶೇಷ ಬಂಧಗಳ ಪಟ್ಟಿಯಾದ ಸ್ಪೆಕ್‌ಬಾಂಡ್ ಫೈಲ್ ನೋಡಿ ಹಾಕುತ್ತದೆ. ಅದು ಹುಡುಕುವುದು ಪರಮಾಣುಗಳ ಹೆಸರು ಮತ್ತು 0.2 ನ್ಯಾನೋಮೀಟರ್ ಆಸುಪಾಸಿನ ದೂರವನ್ನು. ಹೆಸರು ಹೊಂದದಿದ್ದರೆ ಬಂಧವೇ ಬೀಳುವುದಿಲ್ಲ.

ಎರಡೂ ನೀರು ಸೋಲುವ ಜಾಗವೂ ಇದೆ. ಆಮ್ಲಜನಕ ಕಟ್ಟಿಕೊಳ್ಳುವುದು, ಬಿಡುವುದು ಈ ಸಿಮ್ಯುಲೇಶನ್‌ನಲ್ಲಿ ನಡೆಯುವುದೇ ಇಲ್ಲ. ಆ ಬಂಧವನ್ನು ನಾವು ಮೊದಲೇ ಬರೆದುಬಿಟ್ಟಿರುತ್ತೇವೆ. ಆಮ್ಲಜನಕ ಇಲ್ಲದಾಗ ಕಬ್ಬಿಣ ಹೈ-ಸ್ಪಿನ್ ಅನ್ನುವ ಎಲೆಕ್ಟ್ರಾನ್ ಜೋಡಣೆಯಲ್ಲಿದ್ದು ಹೀಮ್‌ನ ತಟ್ಟೆಯಿಂದ ಸ್ವಲ್ಪ ಹೊರಗೆ ಇರುತ್ತದೆ. ಒತ್ತಡ ಅದನ್ನು ಕಡಿಮೆ ಗಾತ್ರದ ಲೋ-ಸ್ಪಿನ್ ಕಡೆಗೆ ತಳ್ಳುತ್ತದೆ. ಇದನ್ನು ನೋಡಲು ಹೀಮ್ ಭಾಗಕ್ಕಾದರೂ ಕ್ವಾಂಟಂ ಲೆಕ್ಕ ಬೇಕು. 3000 ಬಾರ್‌ನಲ್ಲೂ ಪ್ರೋಟೀನ್ ಗಟ್ಟಿ ನಿಂತಿತು ಅಂತ ಬರೆಯುವ ಮುಂಚೆಯೂ ಯೋಚಿಸಿ. ಬಿಚ್ಚಿಕೊಳ್ಳಲು ಅದಕ್ಕೆ ಬೇಕಾದ ಸಮಯ ನಮ್ಮ ಮೈಕ್ರೋಸೆಕೆಂಡುಗಳಿಗಿಂತ ಎಷ್ಟೋ ಜಾಸ್ತಿ.

ನನ್ನ ಆಯ್ಕೆ ಹೀಗಿದೆ: ನೀರು ಒಳಗೆ ಬರುವುದನ್ನು ನೋಡುವುದಾದರೆ ಕಷ್ಟಪಟ್ಟಾದರೂ ಟಿಪ್4ಪಿ/2005. ಪ್ರೋಟೀನ್‌ನ ಸುರುಳಿಗಳು (ಹೆಲಿಕ್ಸ್‌ಗಳು) ಯಾವ ಕಡೆ ಸರಿಯುತ್ತವೆ ಅಂತ ಮೊದಲ ನೋಟಕ್ಕೆ ಚಾರ್ಮ್36 ಮತ್ತು ಟಿಪ್3ಪಿ ಸಾಕು. ಹಿಮೋಗ್ಲೋಬಿನ್‌ಗೆ ಹೋಗುವವರಿಗೆ ನಾಲ್ಕು ಹೀಮ್, ನಾಲ್ಕು ಬಂಧ. ಆಲ್ಫಾ ಸರಪಳಿಗಳಲ್ಲಿ 87ನೇ ಹಿಸ್ಟಿಡಿನ್, ಬೀಟಾಗಳಲ್ಲಿ 92ನೆಯದು. ರನ್ ಹಚ್ಚುವ ಮೊದಲು, ಬಂಧಗಳೆಲ್ಲ ಪಟ್ಟಿಯಾಗಿರುವ ಟೊಪಾಲಜಿ ಫೈಲ್ ತೆರೆದು ನಾಲ್ಕೂ ಬಿದ್ದಿವೆಯಾ ನೋಡಿಕೊಳ್ಳಿ.