ದುಬೈಗೆ ಹೊರಟ ಮಕ್ಕಳಿಗೆ ಸಿಬಿಎಸ್‌ಇಯಾ, ಬ್ರಿಟಿಷ್ ಸಿಲಬಸ್ಸಾ?

ವಿರಾಜಪೇಟೆಯ ನನ್ನ ತಂಗಿ ಸಂಸಾರ ಸಮೇತ ದುಬೈಗೆ ಹೊರಟಿದ್ದಾಳೆ. ಮಗಳು ಈಗ ಆರನೇ ಕ್ಲಾಸು. ಮೊನ್ನೆ ಕಾಫಿ ಕಣದ ಪಕ್ಕ ಕೂತು ಎರಡು ಶಾಲೆಗಳ ಫೀಸ್ ಪಟ್ಟಿ ನೋಡಿದೆವು. ಹಾಳೆ ತುಂಬ ಕಾಫಿ ಹೊಟ್ಟು.

ಫೀಸಿನ ಮಟ್ಟಿಗೆ ಸಾಮಾನ್ಯವಾಗಿ ಇಂಡಿಯನ್ ಶಾಲೆಯೇ ಅಗ್ಗ. ಸಿಬಿಎಸ್‌ಇ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಇಲ್ಲಿ ಪರೀಕ್ಷೆ ಮುಗಿಸಿ ಹೋದರೆ ಸರಿಹೊಂದುತ್ತದೆ. ಬ್ರಿಟಿಷ್ ಶಾಲೆ ಶುರುವಾಗುವುದು ಆಗಸ್ಟ್ ಕೊನೆಗೆ. ಅಲ್ಲಿವರೆಗೆ ಮಗು ಸುಮ್ನೆ ಮನೆಯಲ್ಲಿರಬೇಕು, ಇಲ್ಲವೇ ವರ್ಷದ ಕೊನೆಯಲ್ಲಿ ನುಗ್ಗಬೇಕು.

ಬ್ರಿಟಿಷ್ ಕಡೆ 16ರ ವಯಸ್ಸಿನ ಹೊತ್ತಿಗೆ ನಮ್ಮ ಹತ್ತನೇ ಕ್ಲಾಸಿನಂಥ ಐಜಿಸಿಎಸ್‌ಇ ಪರೀಕ್ಷೆ, ಆಮೇಲೆ ಪಿಯುಸಿಯಂಥ ಎ ಲೆವೆಲ್‌ನಲ್ಲಿ ಮೂರ್ನಾಲ್ಕೇ ವಿಷಯ. ಇಂಗ್ಲೆಂಡ್, ಆಸ್ಟ್ರೇಲಿಯಾ ಅಂತ ಮುಂದೆ ಹೋಗುವವರಿಗೆ ಇದು ಸಲೀಸು. ಡಾಕ್ಟರ್ ಓದಿಗೆ ನೀಟ್ ಬರೆಯುವ ಮಗುವಿಗೆ, ಆ ಪರೀಕ್ಷೆಗೆ ಆಧಾರವಾದ ಎನ್‌ಸಿಇಆರ್‌ಟಿ ಪುಸ್ತಕ ಓದಿಸುವ ಸಿಬಿಎಸ್‌ಇಯೇ ವಾಸಿ.

ನಮ್ಮನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಬೇರೆ. ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರಿಸುವ ಕರ್ನಾಟಕದ ಸಿಇಟಿ ಪರೀಕ್ಷೆಯ ಸೀಟಿಗೆ ಸಾಮಾನ್ಯವಾಗಿ ಇಲ್ಲೇ 7 ವರ್ಷ ಓದಿರಬೇಕು. ಹೊರಡುವ ಹೊತ್ತಿಗೆ ಹುಡುಗಿಯದು ಆಗುವುದು 6! ಯಾವ ಸಿಲಬಸ್ ಹಿಡಿದರೂ ಈ ಲೆಕ್ಕ ಬದಲಾಗದು. ಒಂದು ವರ್ಷ ತಡೆದು ಹೋಗಿ ಅಂದೆ, ಭಾವನ ಕಂಪನಿ ಕಾಯಬೇಕಲ್ವಾ?

ಮೂರ್ನಾಲ್ಕು ವರ್ಷಕ್ಕೆ ವಾಪಸಾಗುವುದಾದರೆ ನನ್ನ ಓಟು ಸಿಬಿಎಸ್‌ಇಗೆ. ಎರಡಕ್ಕೂ ದೊಡ್ಡ ರಜೆ ಜುಲೈ-ಆಗಸ್ಟ್‌ನಲ್ಲೇ. ಆಗ ಊರಿಗೆ ಬಂದರೆ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ತಪ್ಪುತ್ತದೆ, ಮಳೆಗಾಲದ ಜಿಗಣೆ ಸಿಗುತ್ತದೆ.