26, 27.5, 29: ಒಂದೇ ಹಾದಿಯಲ್ಲಿ ಓಡಿಸಿ ನೋಡಿದ ಗಾಲಿಗಳು

ಮೌಂಟನ್ ಬೈಕಿನ ಗಾಲಿಯ ಅಳತೆ ತಿಳಿಯಲು ಟೈರಿನ ಮೇಲೆ ಅಚ್ಚಾದ ಅಂಕಿಗಿಂತ ಹೆಚ್ಚು ನಂಬಬಹುದಾದ ದಾರಿ ಒಂದಿದೆ. ವಾಲ್ವನ್ನು ನೇರ ಕೆಳಕ್ಕೆ ತಂದು, ಅದರ ಬುಡಕ್ಕೆ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಸೀಟಿನ ಮೇಲೆ ಕುಳಿತೇ ಬೈಕನ್ನು ಗಾಲಿಯ ಒಂದು ಸುತ್ತಿನಷ್ಟು ಮುಂದಕ್ಕೆ ಉರುಳಿಸಿ, ವಾಲ್ವ್ ಮತ್ತೆ ಕೆಳಗೆ ಬಂದ ಕಡೆ ಇನ್ನೊಂದು ಗೆರೆ ಎಳೆದು, ನಡುವಿನ ದೂರವನ್ನು ಟೇಪಿನಿಂದ ಅಳೆಯಬೇಕು. 2.3 ಇಂಚು ಅಗಲದ ಟೈರು ಹಾಕಿದ ಮೂರು ಗಾಲಿಗಳನ್ನು ನಾನು ಹೀಗೆ ಅಳೆದಾಗ 26 ಇಂಚಿನದು 209 ಸೆಂ.ಮೀ., 27.5ರದು 217, 29ರದು 229 ಬಂತು. ಹೆಸರಿನಲ್ಲಿ 27.5 ಎಂಬುದು ಸರಿಯಾಗಿ ನಡುವೆ ಕುಳಿತಿದೆ. ನೆಲದ ಮೇಲೆ ಮಾತ್ರ ಅದು 26ರ ಪಕ್ಕದ ಮನೆಯದು.

ಇದಕ್ಕೆ ಕಾರಣ ರಿಮ್‌ನಲ್ಲಿದೆ. ಟೈರಿನ ಅಂಚು ರಿಮ್‌ನ ಮೇಲೆ ಕೂರುವ ಜಾಗದ ವ್ಯಾಸ 26ರಲ್ಲಿ 559 ಮಿ.ಮೀ., 27.5ರಲ್ಲಿ 584, 29ರಲ್ಲಿ 622. ಮೊದಲ ಎರಡರ ನಡುವೆ 25 ಮಿ.ಮೀ. ಅಂತರವಿದ್ದರೆ ನಂತರದ ಎರಡರ ನಡುವೆ 38 ಮಿ.ಮೀ. ಇದೆ. ಈ ಮೂರರಲ್ಲಿ ಯಾವುದೂ ಬೆಟ್ಟದ ಹಾದಿಗೆಂದೇ ಲೆಕ್ಕ ಹಾಕಿ ಹುಟ್ಟಿಸಿದ ಅಳತೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ರೀಪ್ಯಾಕ್ ಇಳಿಜಾರಿನ ಪಂದ್ಯಗಳು ಶುರುವಾದಾಗ ಅಲ್ಲಿನ ಹುಡುಗರ ಕೈಗೆ ಸಿಕ್ಕಿದ್ದು 26 ಇಂಚಿನ ಬಲೂನ್ ಟೈರಿನ ಹಳೆಯ ಷ್ವಿನ್ ಬೈಸಿಕಲ್ಲುಗಳು. ಆದ್ದರಿಂದ 559 ಉಳಿಯಿತು. 584 ಎಂಬುದು ಫ್ರಾನ್ಸಿನ ಪ್ರವಾಸಿ ಸೈಕಲ್ಲುಗಳ 650ಬಿ. 622 ರಸ್ತೆ ಸೈಕಲ್ಲುಗಳ 700ಸಿ. ಅದೇ ರಿಮ್‌ಗೆ ದಪ್ಪ ಟೈರು ತೊಡಿಸಿದಾಗ ಹೊರ ವ್ಯಾಸ 29 ಇಂಚಿನ ಹತ್ತಿರ ಬರುವುದರಿಂದ ಹೊಸ ಹೆಸರು ಬಂತು. ಹಳೆಯ ಇಂಗ್ಲಿಷ್ ಅಳತೆಯಲ್ಲಿ 584ರ ರಿಮ್‌ಗೆ ‘26 x 1½’ ಎಂಬ ಹೆಸರಿತ್ತು, ಅಂದರೆ 27.5 ಎಂದು ಮಾರಾಟವಾದದ್ದು ಒಂದು ಕಾಲಕ್ಕೆ ತಾನೇ 26 ಆಗಿತ್ತು. ಅಂಗಡಿಯಲ್ಲಿ ಟೈರು ಕೊಳ್ಳುವಾಗ ಇಂಚಿನ ಅಂಕಿಯನ್ನು ಬಿಟ್ಟು ಪಕ್ಕದಲ್ಲಿ ಸಣ್ಣದಾಗಿ ಬರೆದಿರುವ 58-584ರಂಥ ಅಂಕಿಯನ್ನೇ ಓದುವ ಅಭ್ಯಾಸ ನನಗೆ ಬಂದದ್ದು ಇದು ತಿಳಿದ ಮೇಲೆ.

ನಾನು ಹೋಲಿಸಿ ನೋಡಿದ ಹಾದಿ ಹನ್ನೊಂದು ಕಿಲೋಮೀಟರಿನ ಒಂದು ಸುತ್ತು. ಬೇರುಗಳು ಹೆಣೆದುಕೊಂಡ ಏರು, ಮುಷ್ಟಿಯಿಂದ ತಲೆಯ ಗಾತ್ರದವರೆಗಿನ ಕಲ್ಲುಗಳು ಹರಡಿದ ಸಮತಟ್ಟು, ಆರು ಇಕ್ಕಟ್ಟಾದ ತಿರುವುಗಳು, ಕೊನೆಗೆ ಸಡಿಲ ಜಲ್ಲಿಯ ಇಳಿಜಾರು ಅದರಲ್ಲಿವೆ. ಬಳಸಿದ್ದು ಹಿಂದೆ ಸಸ್ಪೆನ್ಷನ್ ಇಲ್ಲದ ಮೂರು ಬೈಕುಗಳು: ಹಳೆಯ 26, ಅದರ ನಂತರದ 27.5, ಈಗಿನ 29. ಈ ಕೊನೆಯ ಬೈಕಿನ ಫ್ರೇಮು ಮತ್ತು ಮುಂಗಾಲಿಯನ್ನು ಹಿಡಿಯುವ ಫೋರ್ಕಿನಲ್ಲಿ 2.8 ಇಂಚು ಅಗಲದ 27.5ರ ‘ಪ್ಲಸ್’ ಟೈರು ಸಹ ಕೂರುವುದರಿಂದ ನಾಲ್ಕನೆಯ ಹೋಲಿಕೆಯೂ ಸಾಧ್ಯವಾಯಿತು. ಹೋಲಿಕೆಯ ದೊಡ್ಡ ದೋಷವನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ನನ್ನ 26ರ ಫೋರ್ಕು 71 ಡಿಗ್ರಿಯಲ್ಲಿ ನಿಂತಿದೆ, ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ 100 ಮಿ.ಮೀ. ಉದ್ದವಿದೆ, ಹ್ಯಾಂಡಲ್ ಕಿರಿದು. 29ರ ಫೋರ್ಕು 66 ಡಿಗ್ರಿಗೆ ಮುಂದಕ್ಕೆ ಚಾಚಿದೆ, ಸ್ಟೆಮ್ 45 ಮಿ.ಮೀ. ಮಾತ್ರ. ಇಳಿಜಾರಿನಲ್ಲಿ 26 ಮುಗ್ಗರಿಸಿದಾಗಲೆಲ್ಲ ಅದರ ಪಾಪವನ್ನು ಗಾಲಿಯ ತಲೆಗೆ ಕಟ್ಟುವುದು ಸುಲಭ. ಆದರೆ ನನ್ನ ಮೂತಿಯನ್ನು ನೆಲದ ಕಡೆಗೆ ತಳ್ಳುತ್ತಿದ್ದದ್ದು ಬಹುಮಟ್ಟಿಗೆ ಆ ಉದ್ದನೆಯ ಸ್ಟೆಮ್.

ತಿರುವುಗಳಲ್ಲಿ 26ಕ್ಕೆ ಎದುರಿಲ್ಲ. ಆರರಲ್ಲಿ ನಾಲ್ಕನೆಯ ತಿರುವಿನ ಒಳಗೆ ಒಂದು ಮರದ ಬುಡವಿದ್ದು, ಅದನ್ನು ಬಳಸಿಕೊಂಡು ಹೋಗುವಾಗ 29ರ ಮುಂಗಾಲಿಯನ್ನು ಅಗಲವಾಗಿ ಹೊರಕ್ಕೆ ತಂದು ಮತ್ತೆ ಒಳಕ್ಕೆ ಎಳೆಯಬೇಕಾಗುತ್ತದೆ. 26ರಲ್ಲಿ ನೋಟ ಎತ್ತ ಹೋಯಿತೋ ಗಾಲಿ ಅತ್ತ ಹೋಯಿತು. ಪೆಡಲು ತುಳಿದ ಕೂಡಲೇ ಬೈಕು ಮುಂದಕ್ಕೆ ನೆಗೆಯುವ ಅನುಭವವೂ ಸುಳ್ಳಲ್ಲ, ಆದರೆ ಅದಕ್ಕೆ ಕೊಡುವ ವಿವರಣೆ ಹಲವು ಸಲ ತಪ್ಪಾಗಿರುತ್ತದೆ. ವ್ಯಾಸ ಹೆಚ್ಚಾದಂತೆ ಗಾಲಿ ತಿರುಗಿಸಲು ಬೇಕಾದ ಬಲ ವಿಪರೀತ ಏರುತ್ತದೆ ಎನ್ನುವವರು, ಅದೇ ವೇಗಕ್ಕೆ ದೊಡ್ಡ ಗಾಲಿ ನಿಧಾನವಾಗಿ ತಿರುಗುತ್ತದೆ ಎಂಬುದನ್ನು ಮರೆಯುತ್ತಾರೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಉಳಿಯುವುದು ರಿಮ್ ಮತ್ತು ಟೈರಿನ ಹೆಚ್ಚುವರಿ ತೂಕ ಮಾತ್ರ. ನನ್ನ 29 ತುಳಿತಕ್ಕೆ ಭಾರವೆನಿಸಿದ್ದರ ನಿಜವಾದ ಕಾರಣ ಗೇರು. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ, 26ರಲ್ಲಿ ಹಗುರವಾಗಿದ್ದ, ಪೆಡಲಿನ ಬಳಿಯ 32 ಹಲ್ಲಿನ ಚೈನ್‌ರಿಂಗ್ ಇಲ್ಲಿ ಸುಮಾರು 35 ಹಲ್ಲಿನಂತೆ ವರ್ತಿಸುತ್ತದೆ. ಅದನ್ನು 30ಕ್ಕೆ ಇಳಿಸಿದ ದಿನವೇ ಅರ್ಧ ದೂರು ಹೋಯಿತು.

ಕಲ್ಲಿನ ಸಮತಟ್ಟಿನಲ್ಲಿ ಮಾತ್ರ 29 ಎಂದರೆ 29. ಅದೇ ಉಸಿರಾಟ, ಅದೇ ತುಳಿತದಲ್ಲಿ 26 ಪ್ರತಿ ಕಲ್ಲಿಗೂ ಒಂದಿಷ್ಟು ವೇಗವನ್ನು ಸುಂಕ ಕಟ್ಟುತ್ತ ಸಾಗಿದರೆ, 29 ಉರುಳಿಕೊಂಡು ಹೋಗುತ್ತಿತ್ತು. ಕುತೂಹಲಕ್ಕೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. 60 ಮಿ.ಮೀ. ಎತ್ತರದ ಕಲ್ಲಿನ ಅಂಚನ್ನು ಎರಡೂ ಗಾಲಿಗಳು ತಾಕುವ ಕೋನಗಳ ವ್ಯತ್ಯಾಸ ಬರೀ ಒಂದೂವರೆ ಡಿಗ್ರಿ. ಅಷ್ಟೇ ಎತ್ತರಕ್ಕೆ ಏರಲು 26ಕ್ಕೆ ಸಿಗುವ ಅಡ್ಡದೂರ ಸುಮಾರು 192 ಮಿ.ಮೀ., 29ಕ್ಕೆ 201. ಒಂದು ಕಲ್ಲಿನ ಮಟ್ಟಿಗೆ ಇದು ಲೆಕ್ಕಕ್ಕೇ ಬಾರದ ವ್ಯತ್ಯಾಸ. ಆದರೆ ಹಾದಿಯಲ್ಲಿರುವುದು ಒಂದು ಕಲ್ಲಲ್ಲ. ನೂರಾರು ಕಲ್ಲುಗಳ ಮೇಲೆ ಒಟ್ಟಾದಾಗ ಅದು ಮೈಗೆ ತಿಳಿಯುತ್ತದೆ. ಆದರೂ ಮೈಗೆ ತಿಳಿದದ್ದು ಈ ಲೆಕ್ಕಕ್ಕಿಂತ ದೊಡ್ಡದಾಗಿತ್ತು, ಹಾಗಾಗಿ ಉಳಿದ ಪಾಲು ಎಲ್ಲಿಂದ ಬಂತು ಎಂಬ ಅನುಮಾನ ನನ್ನನ್ನು ಬಿಡಲಿಲ್ಲ.

29ರ ಮೊದಲ ದಿನಗಳ ಕೆಟ್ಟ ಹೆಸರಿಗೂ ಕಾರಣವಿತ್ತು. ಡಬ್ಲ್ಯುಟಿಬಿ ಕಂಪನಿಯ ನ್ಯಾನೋರ್‍ಯಾಪ್ಟರ್ ಎಂಬ ಟೈರು 1999ರಲ್ಲಿ ಬಂದ ಮೇಲೆ ಈ ಅಳತೆಯಲ್ಲಿ ನಿಜವಾಗಿ ದಪ್ಪ ಟೈರು ಸಿಗುವಂತಾಯಿತು, ಆದರೆ ಆರಂಭದ ಫ್ರೇಮುಗಳಲ್ಲಿ ಹ್ಯಾಂಡಲ್ ಮೊಂಡು ಹಿಡಿಯುತ್ತಿತ್ತು. ಗಾಲಿ ದೊಡ್ಡದಾದಂತೆ ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲಕ್ಕೆ ತಾಗುವ ಜಾಗಕ್ಕಿಂತ ಗಾಲಿ ನೆಲ ಮುಟ್ಟುವ ಜಾಗ ಹಿಂದಿರುವ ದೂರ, ಅಂದರೆ ಟ್ರೇಲ್, ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಗ್ಯಾರಿ ಫಿಷರ್ ಬೈಕುಗಳು ಫೋರ್ಕಿನ ಆಫ್‌ಸೆಟ್ಟನ್ನು, ಅಂದರೆ ಆ ಅಕ್ಷಕ್ಕಿಂತ ಗಾಲಿಯ ಆಕ್ಸಲ್ ಮುಂದಿರುವ ದೂರವನ್ನು, 51 ಮಿ.ಮೀ.ಗೆ ಏರಿಸಿದವು. ಈಚೆಗೆ ಫೋರ್ಕನ್ನು ಇನ್ನಷ್ಟು ಮುಂದಕ್ಕೆ ಚಾಚಿ, ಅದೇ ಆಫ್‌ಸೆಟ್ಟನ್ನು 44ರ ಸುತ್ತಮುತ್ತಲಿಗೆ ಇಳಿಸಿ, ಅದನ್ನೇ ಹೊಸ ಸುಧಾರಣೆ ಎಂದು ಹೇಳುತ್ತಿದ್ದಾರೆ.

27.5ರ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಅಮೆರಿಕದ ಸೈಕಲ್ ವಿನ್ಯಾಸಕ ಕರ್ಕ್ ಪಸೆಂಟಿ 2007ರಲ್ಲಿ ಅದಕ್ಕೆ ಬೆಟ್ಟದ ಟೈರು ಒದಗಿಸಿದರು. 2012ರಲ್ಲಿ ಸ್ವಿಸ್ ಸವಾರ ನಿನೊ ಶುರ್ಟರ್ ಅದರ ಮೇಲೆ ವಿಶ್ವಕಪ್ ಪಂದ್ಯ ಗೆದ್ದು, ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ 29ರ ಮೇಲಿದ್ದ ಯಾರೊಸ್ಲಾವ್ ಕುಲ್ಹಾವಿಗೆ ಕೊನೆಯ ಕ್ಷಣದಲ್ಲಿ ಸೋತು ಬೆಳ್ಳಿ ಪಡೆದರು. ಅದಾದ ಒಂದೆರಡು ವರ್ಷಗಳಲ್ಲಿ ಹೊಸ ಬೈಕುಗಳಿಂದ 26 ಬಹುಮಟ್ಟಿಗೆ ಕಾಣೆಯಾಯಿತು. ನನ್ನ ಹಾದಿಯಲ್ಲಿ 27.5 ಯಾವುದರಲ್ಲಿಯೂ ಕೆಟ್ಟದಾಗಿರಲಿಲ್ಲ. ಆದರೆ ಕಣ್ಣು ಕಟ್ಟಿ ಕೂರಿಸಿದರೆ ಅದನ್ನು 26ರಿಂದ ಬೇರೆ ಮಾಡಿ ಹೇಳುತ್ತಿದ್ದೆ ಎಂಬ ಧೈರ್ಯ ನನಗಿಲ್ಲ. 26 ಜಾಗ ಬಿಟ್ಟುಕೊಟ್ಟದ್ದು ತನ್ನಂತೆಯೇ ಇರುವ ತಮ್ಮನಿಗೆ.

ನಿಜವಾದ ಪಾಠ ಸಿಕ್ಕಿದ್ದು ಪ್ಲಸ್ ಟೈರಿನಿಂದ. 27.5 x 2.8ರ ಸುತ್ತಳತೆ ಸೀಮೆಸುಣ್ಣದ ಗೆರೆಗಳ ನಡುವೆ 224 ಸೆಂ.ಮೀ. ಬಂತು, ಅಂದರೆ 29ಕ್ಕಿಂತ ಐದೇ ಸೆಂ.ಮೀ. ಕಡಿಮೆ. ಒಂದೇ ಫ್ರೇಮು, ಒಂದೇ ಫೋರ್ಕು, ಹೆಚ್ಚುಕಡಿಮೆ ಒಂದೇ ಹೊರ ವ್ಯಾಸ. ಬದಲಾದದ್ದು ಒಳಗಿನ ಗಾಳಿಯ ಪ್ರಮಾಣ. ಬೇರಿನ ಏರಿನಲ್ಲಿ ಅದು ತೋರಿಸಿದ ಹಿಡಿತಕ್ಕೆ ನಾನು ಸಿದ್ಧನಿರಲಿಲ್ಲ. 29ರಲ್ಲಿ ಹಿಂಗಾಲಿ ಒದ್ದೆ ಬೇರಿನ ಮೇಲೆ ಜಾರಿ ನಾನು ಕಾಲೂರುತ್ತಿದ್ದ ಎರಡು ಕಡೆಗಳಲ್ಲಿ, 15 ಪಿಎಸ್‌ಐ (ಚದರ ಇಂಚಿಗೆ ಪೌಂಡಿನ ಲೆಕ್ಕದ ಒತ್ತಡ) ಗಾಳಿ ತುಂಬಿದ ಪ್ಲಸ್ ಟೈರು ಬೇರನ್ನು ಅಂಗೈಯಲ್ಲಿ ಹಿಡಿದಂತೆ ಹಿಡಿದು ಏರಿಬಿಟ್ಟಿತು. ಇಳಿಜಾರಿನಲ್ಲಿ ಚಿತ್ರ ತಿರುವುಮುರುವಾಯಿತು. 15ರಲ್ಲಿ ತಿರುವಿಗೆ ಬೈಕು ವಾಲಿಸಿದಾಗ ಟೈರಿನ ಗೋಡೆ ಪಕ್ಕಕ್ಕೆ ಮಡಚಿಕೊಂಡು ಹ್ಯಾಂಡಲ್ ಒಂದು ಕ್ಷಣ ತಡವಾಗಿ ಉತ್ತರಿಸುತ್ತಿತ್ತು. 18ಕ್ಕೆ ಏರಿಸಿದರೆ ಬೈಕು ಚೆಂಡಿನಂತೆ ಪುಟಿಯುತ್ತಿತ್ತು. ಫೋರ್ಕಿನೊಳಗೆ ಪುಟಿತವನ್ನು ತಡೆಯಲು ಎಣ್ಣೆ ಇದೆ, ಟೈರಿನೊಳಗೆ ಅಂಥದ್ದೇನೂ ಇಲ್ಲ. ಸರಿಯಾದ ಗಾಳಿಗೂ ತಪ್ಪು ಗಾಳಿಗೂ ನಡುವೆ ಒಂದೇ ಪಿಎಸ್‌ಐ ಅಂತರವಿದ್ದುದರಿಂದ, ನಿಲ್ಲುವ ಪಂಪಿನ ಮುಳ್ಳನ್ನು ನಂಬದೆ ಕಡಿಮೆ ಒತ್ತಡಕ್ಕೆಂದೇ ಇರುವ ಮೀಟರೊಂದನ್ನು ಕಿಸೆಯಲ್ಲಿ ಇಟ್ಟುಕೊಳ್ಳಬೇಕಾಯಿತು. ಪೆಡಲುಗಳು ಏಳೆಂಟು ಮಿ.ಮೀ. ಕೆಳಗಿಳಿದದ್ದರಿಂದ ಕಲ್ಲಿನ ಹೊಡೆತಗಳೂ ಹೆಚ್ಚಿದವು. ತೂಕ ಉಳಿಸಲು ಇಂಥ ಟೈರುಗಳ ಗೋಡೆಯನ್ನು ತೆಳ್ಳಗೆ ಮಾಡುವುದು ವಾಡಿಕೆ. ಮೂರನೆಯ ವಾರ ಚೂಪಾದ ಕಲ್ಲೊಂದು ಅದನ್ನು ಹೆಬ್ಬೆರಳು ಹೋಗುವಷ್ಟು ಸೀಳಿತು, ತೂತು ಮುಚ್ಚಲೆಂದು ಒಳಗೆ ಹಾಕಿದ್ದ ಸೀಲಂಟ್ ದ್ರವ ಹಾಲಿನಂತೆ ನನ್ನ ಮೀನಖಂಡಕ್ಕೆ ಸಿಡಿಯಿತು, ಉಳಿದ ನಾಲ್ಕು ಕಿಲೋಮೀಟರು ಬೈಕನ್ನು ತಳ್ಳಿಕೊಂಡು ನಡೆದೆ.

ಆ ನಡಿಗೆಯಲ್ಲಿ ಹುಟ್ಟಿದ ಯೋಚನೆಯೇ ಕೊನೆಯ ಪರೀಕ್ಷೆ. ವ್ಯಾಸ ಬಹುಪಾಲು ಒಂದೇ ಇದ್ದು ಗಾಳಿ ಬದಲಾದರೆ ಇಷ್ಟು ಅಂತರವಾಗುವುದಾದರೆ, ವ್ಯಾಸ ಸಣ್ಣದಿದ್ದೂ ಗಾಳಿಯನ್ನು ಸರಿಪಡಿಸಿದರೆ ಏನಾಗುತ್ತದೆ? ನನ್ನ 26ರ ರಿಮ್‌ನ ಒಳ ಅಗಲ 19 ಮಿ.ಮೀ. ಇತ್ತು, ಟ್ಯೂಬು ಹಾಕಿ 36 ಪಿಎಸ್‌ಐ ತುಂಬುತ್ತಿದ್ದೆ. ಅದಕ್ಕಿಂತ ಇಳಿಸಿದರೆ ಟ್ಯೂಬು ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತಿತ್ತು. 29ರಲ್ಲಿ ಒಳ ಅಗಲ 30 ಮಿ.ಮೀ., ಟ್ಯೂಬಿಲ್ಲ, ಗಾಳಿ 23. ಇವೆರಡನ್ನು ಇಷ್ಟು ದಿನ ‘ಗಾಲಿಯ ಗಾತ್ರದ ಹೋಲಿಕೆ’ ಎಂದು ಕರೆದುಕೊಂಡಿದ್ದ ನನ್ನ ಮೇಲೆಯೇ ಸಿಟ್ಟು ಬಂತು. ಗಾಲಿಯ ನಡುಭಾಗವಾದ ಹಳೆಯ ಹಬ್‌ಗೆ 27 ಮಿ.ಮೀ. ಒಳ ಅಗಲದ 26ರ ರಿಮ್ ಹುಡುಕಿ ತಂದು, ಹೊಸ ಕಡ್ಡಿ ಕಟ್ಟಿಸಿ, ಟೇಪು ಸುತ್ತಿ, ಸೀಲಂಟ್ ಹಾಕಿ, ಫ್ರೇಮಿನಲ್ಲಿ ತೂರುವ ಅತ್ಯಂತ ಅಗಲದ 2.3ರ ಟೈರನ್ನೇ 25 ಪಿಎಸ್‌ಐಯಲ್ಲಿ ಓಡಿಸಿದೆ. ಕಲ್ಲಿನ ಸಮತಟ್ಟಿನಲ್ಲಿ ನಾನು 29ಕ್ಕೆ ಕೊಟ್ಟಿದ್ದ ಹೊಗಳಿಕೆಯಲ್ಲಿ ಸುಮಾರು ಅರ್ಧವನ್ನು ಅಂದು ವಾಪಸು ಪಡೆಯಬೇಕಾಯಿತು. ಅಂಗೈಗೆ ಬಡಿಯುತ್ತಿದ್ದ ನಡುಕ ಹೋಯಿತು, ಬೇರಿನ ಮೇಲೆ ಹಿಂಗಾಲಿ ನಿಂತಿತು. ಉಳಿದರ್ಧ, ಅಂದರೆ ವೇಗ ಕಳೆಯದೆ ಉರುಳುವ ಗುಣ, ಇನ್ನೂ 29ರದೇ. ಅದನ್ನು ಗಾಳಿಯಿಂದ ಕೊಳ್ಳಲು ಆಗಲಿಲ್ಲ.

ಮುಂದೆ 29, ಹಿಂದೆ 27.5 ಹಾಕುವ ಮಿಶ್ರ ಪದ್ಧತಿಯನ್ನೂ ಕೆಲವು ದಿನ ನೋಡಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2019ರಲ್ಲಿ ಪಂದ್ಯಗಳಲ್ಲಿ ಇದಕ್ಕೆ ಅವಕಾಶ ಕೊಟ್ಟ ಮೇಲೆ ಡೌನ್‌ಹಿಲ್ ಸವಾರರಲ್ಲಿ ಇದು ಬೇಗ ಹಬ್ಬಿತು. ಕಡಿದಾದ ಕಡೆ ಸೀಟಿನ ಹಿಂದಕ್ಕೆ ಸರಿದಾಗ ದೊಡ್ಡ ಹಿಂಗಾಲಿ ಚಡ್ಡಿಗೆ ಉಜ್ಜುವುದು ನನ್ನಂಥ ಕುಳ್ಳರಿಗೆ ಗೊತ್ತಿರುವ ಸಂಕಟ, ಅದು ತಪ್ಪಿತು. ಆದರೆ 29ಕ್ಕೆಂದೇ ಮಾಡಿದ ಫ್ರೇಮಿನಲ್ಲಿ ಹಿಂದಿನ ಆಕ್ಸಲ್ ಸುಮಾರು 19 ಮಿ.ಮೀ. ಕೆಳಗಿಳಿಯುವುದರಿಂದ ಬೈಕು ಒಂದು ಡಿಗ್ರಿಯಷ್ಟು ಹಿಂದಕ್ಕೆ ವಾಲಿ, ಫೋರ್ಕು ಅಷ್ಟೇ ಮುಂದಕ್ಕೆ ಚಾಚಿ, ಏರಿನಲ್ಲಿ ಮುಂಗಾಲಿ ಅತ್ತಿತ್ತ ಅಲೆದಾಡಿತು, ಪೆಡಲು ಬೇರುಗಳನ್ನು ಎಣಿಸಿಕೊಂಡು ಬಂತು. ಮಿಶ್ರ ಗಾಲಿಗೆಂದೇ ಮಾಡಿದ ಫ್ರೇಮಿದ್ದರೆ ಮಾತ್ರ ಇದು ಮಾಡುವ ಕೆಲಸ.

ಇನ್ನು ಹಬ್‌ನ ವಿಷಯದಲ್ಲಿ ನನ್ನ ಅಸಮಾಧಾನ ಹಳೆಯದು. ಉದ್ದ ಕಡ್ಡಿಯ 29ರ ಗಾಲಿ ಪಕ್ಕಕ್ಕೆ ಬಾಗುತ್ತದೆ ಎಂದು ಹಿಂದಿನ ಹಬ್ಬನ್ನು 142ರಿಂದ 148 ಮಿ.ಮೀ.ಗೆ, ಮುಂದಿನದನ್ನು 100ರಿಂದ 110ಕ್ಕೆ ಅಗಲಿಸಿ ಅದಕ್ಕೆ ಬೂಸ್ಟ್ ಎಂದು ಹೆಸರಿಟ್ಟರು. ಕಡ್ಡಿಗಳ ಕೋನ ಅಗಲವಾದಷ್ಟೂ ಗಾಲಿ ಗಟ್ಟಿಯಾಗುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೇವಲ ಆರು ಮಿ.ಮೀ. ಅಂತರದಿಂದ ನನ್ನ ಒಂದು ವರ್ಷದ ಒಳ್ಳೆಯ ಹಬ್ ಹೊಸ ಫ್ರೇಮಿಗೆ ಕೂರದೆ ಮೂಲೆ ಸೇರಿತು. ಅಡಾಪ್ಟರ್ ಹಾಕಿ ಕೂರಿಸಬಹುದು. ಹಾಗೆ ಕೂರಿಸಿದಾಗ ಆಕ್ಸಲ್ ಮಾತ್ರ ಉದ್ದವಾಗುತ್ತದೆ, ಕಡ್ಡಿಗಳ ಕೋನ ಹಳೆಯದೇ ಉಳಿಯುತ್ತದೆ.

ಈಗ ನಾನು ಓಡಿಸುತ್ತಿರುವುದು 29, ಟೈರು ಮುಂದೆ 2.5, ಹಿಂದೆ 2.4. ಪ್ಲಸ್ ಗಾಲಿಗಳು ಮಳೆಗಾಲಕ್ಕೆಂದು ಗೋಡೆಗೆ ನೇತುಬಿದ್ದಿವೆ. 26ನ್ನು ಮಾರಿಲ್ಲ, ತಿರುವುಗಳಷ್ಟೇ ಇರುವ ಸಣ್ಣ ಹಾದಿಗೆ ಇಂದಿಗೂ ಅದನ್ನೇ ಒಯ್ಯುತ್ತೇನೆ. ಅದಕ್ಕೆ ಒಳ್ಳೆಯ ಟೈರು ಕಣ್ಣಿಗೆ ಬಿದ್ದರೆ ಎರಡೆರಡು ಕೊಂಡಿಡುತ್ತೇನೆ. ಈಚೆಗೆ 686 ಮಿ.ಮೀ. ರಿಮ್‌ನ 32 ಇಂಚಿನ ಗಾಲಿಯ ಮಾತು ಕೇಳಿಬರುತ್ತಿರುವುದರಿಂದ, ಮೊನ್ನೆ ಗೋಡೆಯ ಮೇಲೆ ಸೀಮೆಸುಣ್ಣದಿಂದ 80 ಸೆಂ.ಮೀ. ವ್ಯಾಸದ ವೃತ್ತ ಬರೆದು ಅದಕ್ಕೆ ಒರಗಿಸಿ ನನ್ನ ಬೈಕನ್ನು ನಿಲ್ಲಿಸಿ ನೋಡಿದೆ. ಈಗಿನ ಗಾಲಿಯ ಮೇಲೆ ಇನ್ನೂ ಆರು ಸೆಂ.ಮೀ. ಉಳಿಯಿತು, ಮುಂದಕ್ಕೆ ಬಂದ ಪೆಡಲಿನ ಮೇಲೆ ಪಾದವಿಟ್ಟಾಗ ವೃತ್ತದ ಅಂಚಿಗೂ ಬೂಟಿನ ತುದಿಗೂ ನಡುವೆ ಎರಡು ಬೆರಳು ಮಾತ್ರ ತೂರುತ್ತಿತ್ತು.