ಅಲಾಸ್ಕಾ ಕ್ರೂಸ್ ಪ್ಯಾಕೇಜ್ ತಗೊಳ್ಳುವವರೇ, ಕಾಡಿನ ಲಾಡ್ಜ್ ಎಲ್ಲಿದೆ ಅಂತ ಮೊದಲು ಕೇಳಿ

ಅಲಾಸ್ಕಾ ಕ್ರೂಸ್ ಜೊತೆ ‘ಲ್ಯಾಂಡ್ ಟೂರ್’ (ಹಡಗು ಇಳಿದ ಮೇಲಿನ ಪ್ರವಾಸ) ಸೇರಿಸಿ ಮಾರುತ್ತಾರಲ್ಲ, ಅದಕ್ಕೆ ಅಡ್ವಾನ್ಸ್ ಕಟ್ಟುವ ಮುಂಚೆ ದಯವಿಟ್ಟು ಇದನ್ನು ಓದಿ. ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆದುಕೊಂಡು ಹೋಗುವವರಂತೂ ಖಂಡಿತ ಓದಿ. ಬಂದು ಇಷ್ಟು ದಿನ ಆದರೂ ನನ್ನ ಸಿಟ್ಟು ಇಳಿದಿಲ್ಲ.

ಹಡಗಿನ ಬಗ್ಗೆ ನನ್ನ ತಕರಾರಿಲ್ಲ. ವ್ಯಾಂಕೂವರ್‌ನಲ್ಲಿ ಹತ್ತಿದೆವು. ಕೆಚಿಕನ್, ಜೂನೋ, ಸ್ಕಾಗ್ವೇ, ಗ್ಲೇಷಿಯರ್ ಬೇ, ಎಲ್ಲಾ ಚೆನ್ನಾಗಿತ್ತು. ಅತ್ತೆಗೆ ಕೇಳಿದಾಗೆಲ್ಲ ಅನ್ನ, ಬೇಳೆ ಮಾಡಿಕೊಟ್ಟರು. ತೊಂದರೆ ಶುರುವಾಗಿದ್ದು ವಿಟ್ಟಿಯರ್‌ನಲ್ಲಿ ಹಡಗು ಇಳಿದ ಮೇಲೆ.

ಪ್ಯಾಕೇಜ್ ಕೊಟ್ಟವರು ಬೆಂಗಳೂರಿನ ಒಬ್ಬ ಏಜೆಂಟ್. ಹೆಸರು ಇಲ್ಲಿ ಹಾಕುವುದಿಲ್ಲ, ದೂರು ಕೊಡುತ್ತಿದ್ದೇನೆ. ಹಡಗು ಇಳಿದ ಮೇಲೆ ನಾವು ನೋಡಬೇಕಿದ್ದದ್ದು ಡೆನಾಲಿ, ಅಂದರೆ ಕರಡಿಗಳಿಗೆ ಹೆಸರಾದ ಅಲಾಸ್ಕಾದ ನ್ಯಾಷನಲ್ ಪಾರ್ಕ್. ಬುಕ್ ಮಾಡುವಾಗಲೇ ನಾನು ಬಿಡಿಸಿ ಕೇಳಿದ್ದೆ. ವಾಟ್ಸಾಪ್‌ನಲ್ಲಿ ಇನ್ನೂ ಇದೆ. “ಸರ್, ಡೆನಾಲಿಯಲ್ಲಿ ನಮಗೆ ಕಾರು ಬೇಕಾಗುತ್ತಾ? ಬೇಕಿದ್ರೆ ನಮ್ಮ ಮನೆಯವರು ಓಡಿಸ್ತಾರೆ, ಮೊದಲೇ ಬುಕ್ ಮಾಡ್ತೀವಿ” ಅಂತ. ಅವರ ಉತ್ತರ: “ಕಾರು ಯಾಕೆ ಮೇಡಂ? ಎಲ್ಲಾ ಟ್ರಾನ್ಸ್‌ಫರ್ ಇನ್‌ಕ್ಲೂಡೆಡ್. ಡೆನಾಲಿ ಪಾರ್ಕಲ್ಲೇ ಇರ್ತೀರಾ. ಸೀನಿಯರ್ ಸಿಟಿಜನ್ಸ್ ಇದಾರೆ ಅಂತ ಬೆಸ್ಟ್ ಲಾಡ್ಜ್ ಕೊಡ್ತಿದೀನಿ.” ಡೆನಾಲಿ ಪಾರ್ಕಲ್ಲೇ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ವಿಟ್ಟಿಯರ್‌ನಿಂದ ಹೊರಗೆ ಬರುವ ರಸ್ತೆ ಒಂದೇ. ಎರಡೂವರೆ ಮೈಲಿ ಉದ್ದದ ಸುರಂಗ. ರೈಲಿಗೂ ಕಾರಿಗೂ ಅದೇ ದಾರಿ, ಒಂದು ಸಲಕ್ಕೆ ಒಂದೇ ಕಡೆಯಿಂದ ಬಿಡುತ್ತಾರೆ. ಕಾದು ದಾಟಿದೆವು. ಆಮೇಲೆ ಆಂಕರೇಜ್, ಆಮೇಲೆ ಪಾರ್ಕ್ಸ್ ಹೈವೇ. ಬಸ್ಸು ಒಂದು ಕಡೆ ಹೈವೇ ಬಿಟ್ಟು ಕಾಡಿನ ಒಳಗೆ ತಿರುಗಿತು. ಲಾಡ್ಜ್ ಬಂತು. ಸುತ್ತ ಸ್ಪ್ರೂಸ್ ಮರ, ಮೋಡ, ಸೊಳ್ಳೆ. ಅಂಗಡಿ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ, ಇನ್ನೊಂದು ಹೋಟೆಲ್ ಇಲ್ಲ. ನಮ್ಮನ್ನು ಇಳಿಸಿ ಬಸ್ಸು ಹೊರಟೇ ಹೋಯಿತು.

ಆಯ್ತು, ಕಾಡಲ್ಲವಾ, ಹೀಗೇ ಇರುತ್ತೆ ಅಂದುಕೊಂಡು ಟೂರ್ ಡೆಸ್ಕಿಗೆ ಹೋದೆ. ನಾಳೆ ಪಾರ್ಕಿಗೆ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದೆ. ಕಾಲೇಜಿನ ವಯಸ್ಸಿನ ಹುಡುಗಿ, ಬೇಸಿಗೆ ಕೆಲಸಕ್ಕೆ ಬಂದವಳು. ಯಾವ ಪಾರ್ಕು ಅಂದಳು. ಡೆನಾಲಿ ನ್ಯಾಷನಲ್ ಪಾರ್ಕ್ ಅಂದೆ. ಅವಳು ನಕ್ಷೆಯ ಪ್ಯಾಡಿನಿಂದ ಒಂದು ಹಾಳೆ ಹರಿದು, ಬಾಲ್‌ಪೆನ್ನಿನಿಂದ ನಮ್ಮ ಲಾಡ್ಜಿನ ಸುತ್ತ ಒಂದು ಸೊನ್ನೆ ಹಾಕಿದಳು. ಆಮೇಲೆ ಪೆನ್ನನ್ನು ಹೈವೇ ಗೆರೆಯ ಮೇಲೆ ಮೇಲಕ್ಕೆ ಎಳೆಯುತ್ತಾ ಹೋದಳು. ಹಾಳೆಯ ಮಡಿಕೆ ದಾಟಿತು. ಪೆನ್ನು ನಿಲ್ಲಲಿಲ್ಲ. ಹಾಳೆಯ ತುದಿ ಹತ್ತಿರ ಇನ್ನೊಂದು ಸೊನ್ನೆ ಹಾಕಿ, ಪಾರ್ಕಿನ ಗೇಟು ಇಲ್ಲಿದೆ ಅಂದಳು. ನೂರು ಮೈಲಿಗಿಂತ ಜಾಸ್ತಿ. ಅಂದರೆ ಬೆಂಗಳೂರಿನಿಂದ ಮೈಸೂರಿಗಿಂತ ದೂರ. ಒಂದು ಕಡೆಗೇ ಎರಡು ಗಂಟೆ.

ನಾನು ಆ ಎರಡು ಸೊನ್ನೆ ನೋಡುತ್ತಾ ನಿಂತೆ. ಪಕ್ಕದಲ್ಲಿ ಮಾವ. ಅವರು ರಿಟೈರ್ ಆದ ದುಡ್ಡಿನಲ್ಲಿ ಅರ್ಧ ಹಾಕಿದ್ದಾರೆ. “ಏನಂತೆ ಅಮ್ಮಾ, ನಾಳೆ ಎಷ್ಟು ಗಂಟೆಗೆ ರೆಡಿ ಆಗಬೇಕಂತೆ?” ಅಂತ ಕೇಳಿದರು. ನನ್ನ ಬಾಯಿಂದ ಮಾತೇ ಬರಲಿಲ್ಲ. ಆ ಕ್ಷಣ ಎಷ್ಟು ಅವಮಾನ ಆಯಿತು ಅಂತ ಹೇಳಕ್ಕಾಗಲ್ಲ. ಹೋಗುವ ಮುಂಚೆ ಊರಿಗೆಲ್ಲ ಹೇಳಿಕೊಂಡಿದ್ದರು ಅವರು, ಡೆನಾಲಿಯಲ್ಲಿ ಕರಡಿ ನೋಡ್ತೀವಿ ಅಂತ.

ವಿಷಯ ಏನು ಅಂದರೆ, ಡೆನಾಲಿ ಹೆಸರಿನ ಪಾರ್ಕು ಎರಡಿವೆ. ಒಂದು ನ್ಯಾಷನಲ್ ಪಾರ್ಕ್. ಇನ್ನೊಂದು ಡೆನಾಲಿ ಸ್ಟೇಟ್ ಪಾರ್ಕ್, ಅಲಾಸ್ಕಾ ರಾಜ್ಯದ್ದು, ದಕ್ಷಿಣಕ್ಕಿದೆ, ಪಾರ್ಕ್ಸ್ ಹೈವೇ ಅದರ ಒಳಗೇ ಹಾದುಹೋಗುತ್ತದೆ. ನಾವಿದ್ದದ್ದು ಆ ದಕ್ಷಿಣದ ಕಡೆ. ಬಸ್ಸಿನಲ್ಲಿ ಕೂತು ಕರಡಿ, ಕ್ಯಾರಿಬೂ, ಮೂಸ್ ನೋಡುವ ಆ ಫೇಮಸ್ ಪಾರ್ಕ್ ರಸ್ತೆ ಇರುವುದು ಉತ್ತರದಲ್ಲಿ, ಹೈವೇಯ 237ನೇ ಮೈಲಿ ಹತ್ತಿರ. ದಕ್ಷಿಣದ ಕಡೆಯಿಂದ ಡೆನಾಲಿ ಬೆಟ್ಟ ಚೆನ್ನಾಗಿ ಕಾಣುತ್ತದೆ, ಅದು ನಿಜ. 20,310 ಅಡಿ, ಉತ್ತರ ಅಮೆರಿಕದಲ್ಲೇ ಎತ್ತರ. ಆದರೆ ಮೋಡ ಇಲ್ಲದಿದ್ದರೆ ಮಾತ್ರ. ಬೇಸಿಗೆಯಲ್ಲಿ ಹೋದವರಲ್ಲಿ ಮೂರರಲ್ಲಿ ಒಬ್ಬರಿಗಷ್ಟೇ ಬೆಟ್ಟ ಕಾಣುತ್ತದೆ ಅಂತ ಅಲ್ಲಿಯವರೇ ಹೇಳುತ್ತಾರೆ. ನಮಗೆ ಕಾಣಲಿಲ್ಲ. ಮೋಡಕ್ಕೆ ನಾನು ಯಾರನ್ನೂ ಬೈಯುತ್ತಿಲ್ಲ. ನೂರು ಮೈಲಿಗೆ ಬೈಯುತ್ತಿದ್ದೇನೆ.

ಸರಿ, ಬೇರೆ ದಾರಿ ಏನಿದೆ ಅಂತ ಕೇಳಿದೆ. ಪಾರ್ಕಿಗೆ ಇಡೀ ದಿನದ ಟ್ರಿಪ್ ಇತ್ತು, ಸೀಟು ಮುಗಿದಿತ್ತು. ಟಾಲ್ಕೀಟ್ನಾ ಊರಿಗೆ ಶಟಲ್ ಇತ್ತು, ದುಡ್ಡು ಕೊಟ್ಟು. ನಾಲ್ಕು ಜನಕ್ಕೆ ನೂರು ಡಾಲರ್ ದಾಟುತ್ತಿತ್ತು, ಅದರಲ್ಲೂ ಬೆಳಗಿನದು ತುಂಬಿತ್ತು. ಟ್ಯಾಕ್ಸಿ? ಇಲ್ಲ. ಬಾಡಿಗೆ ಕಾರು? ಆಂಕರೇಜ್‌ನಲ್ಲೇ ತಗೊಂಡು ಬರಬೇಕಿತ್ತಂತೆ. ಅದನ್ನೇ ತಾನೇ ನಾನು ಆ ಏಜೆಂಟ್‌ಗೆ ಕೇಳಿದ್ದು! ಅದನ್ನೇ ಕೇಳಿದ್ದು! ಕಾರು ಬೇಕಾ ಅಂತ!

ಅವತ್ತು ರಾತ್ರಿ ಅವರಿಗೆ ಫೋನ್ ಮಾಡಿದೆವು. ರೂಮಿನಲ್ಲಿ ಸಿಗ್ನಲ್ ಇಲ್ಲ, ಲಾಬಿಯ ವೈಫೈನಲ್ಲಿ ವಾಟ್ಸಾಪ್ ಕಾಲ್. ನಮಗೆ ರಾತ್ರಿ ಒಂಬತ್ತು, ಹೊರಗೆ ಇನ್ನೂ ಬಿಸಿಲು. ಬೆಂಗಳೂರಿನಲ್ಲಿ ಬೆಳಗ್ಗೆ ಹತ್ತೂವರೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಮೇಡಂ, ನಾನು ಡೆನಾಲಿ ಅಂತ ಹೇಳಿದ್ದೆ. ಅದೂ ಡೆನಾಲಿನೇ ತಾನೇ.”

ಪಾರ್ಕಲ್ಲೇ ಇರ್ತೀರಾ ಅಂದಿದ್ರಲ್ಲ ಸರ್ ಅಂದೆ. “ಅದೂ ಪಾರ್ಕೇ ಮೇಡಂ, ಸ್ಟೇಟ್ ಪಾರ್ಕು.”

ಟ್ರಾನ್ಸ್‌ಫರ್ ಎಲ್ಲಾ ಸೇರಿದೆ ಅಂದಿದ್ರಲ್ಲ ಅಂದೆ. “ಸೇರಿದೆ. ಲಾಡ್ಜಿಗೆ ಬಿಡೋದು, ಲಾಡ್ಜಿಂದ ಆಂಕರೇಜ್‌ಗೆ ಕರ್ಕೊಂಡು ಹೋಗೋದು. ಮಧ್ಯ ಓಡಾಡೋದು ಅದರಲ್ಲಿ ಬರಲ್ಲ.”

ಫೋನು ನಮ್ಮ ಮನೆಯವರು ತಗೊಂಡರು. ಅವರಿಗೆ ಹೇಳಿದ್ದು: “ಸರ್, ಒಂದು ಊಬರ್ ಮಾಡ್ಕೊಂಡು ಹೋಗ್ಬಿಡಿ, ನಾನು ಬಿಲ್ ನೋಡ್ತೀನಿ.” ಊಬರ್! ಮೈಲಿಗಟ್ಟಲೆ ಮನೆ ಕಾಣದ ಜಾಗದಲ್ಲಿ! ಅವರು ಆ ಲಾಡ್ಜನ್ನು ನಕ್ಷೆಯಲ್ಲಿ ಕೂಡ ನೋಡಿಲ್ಲ ಅಂತ ಆಗ ನನಗೆ ಗೊತ್ತಾಯಿತು. ನೋಡದೆ ಮಾರಿದ್ದಾರೆ. ಕೊನೆಗೆ ಹೇಳಿದ ಮಾತು ಇನ್ನೂ ಚುಚ್ಚುತ್ತದೆ: “ವಯಸ್ಸಾದೋರು ಇದಾರಲ್ವಾ ಮೇಡಂ, ಸುಮ್ನೆ ರೆಸ್ಟ್ ಮಾಡಿ. ಎಷ್ಟೋ ಜನ ರೆಸ್ಟ್‌ಗೇ ಹೋಗ್ತಾರೆ.” ಮೈಸೂರಿನ ಮನೆಯಲ್ಲಿ ಆಗದ ರೆಸ್ಟ್ ಮಾಡಕ್ಕೆ ನಮ್ಮ ಮಾವ ಅಲಾಸ್ಕಾಗೆ ಬರಬೇಕಿತ್ತಾ?

ಇನ್ನೊಂದು ವಿಷಯ, ಇದು ಮುಖ್ಯ. ದೊಡ್ಡ ಸೂಟ್‌ಕೇಸುಗಳು ನಮ್ಮ ಬಸ್ಸಿನಲ್ಲಿ ಬರಲಿಲ್ಲ. ಬೇರೆ ಗಾಡಿಯಲ್ಲಿ ಕಳಿಸುತ್ತಾರೆ. ನೀವು ಹೋಗುವಷ್ಟರಲ್ಲಿ ರೂಮಿನಲ್ಲಿರುತ್ತೆ ಅಂತ ಹೇಳಿದ್ದರು. ಬಂದಿದ್ದು ಮಧ್ಯರಾತ್ರಿ. ಮಾವನ ಬಿಪಿ ಮಾತ್ರೆ ಅದರಲ್ಲಿತ್ತು. ಹತ್ತಿರದಲ್ಲಿ ಒಂದು ಮೆಡಿಕಲ್ ಶಾಪ್ ಇಲ್ಲ, ಹೋಗಿ ತರಕ್ಕೆ ಗಾಡಿ ಇಲ್ಲ. ಅತ್ತೆ ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಕಾರಿಡಾರಿನಲ್ಲಿ ಗಾಲಿ ಸದ್ದಾದಾಗೆಲ್ಲ ಎದ್ದು ನೋಡುತ್ತಾ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಯಾರು ಏನೇ ಭರವಸೆ ಕೊಡಲಿ, ಕೈಚೀಲದಲ್ಲೇ.

ಊಟದ ಕಥೆ ಚಿಕ್ಕದು. ಇದ್ದದ್ದು ಲಾಡ್ಜಿನ ರೆಸ್ಟೋರೆಂಟೇ. ಸಸ್ಯಾಹಾರಿಗಳಿಗೆ ಒಂದು ಬರ್ಗರ್, ಒಂದು ಸಲಾಡ್, ಫ್ರೆಂಚ್ ಫ್ರೈಸ್. ರೇಟು ಬಾಯಿಗೆ ಬಂದಷ್ಟು. ಬೇರೆ ಕಡೆ ಹೋಗುವ ದಾರಿ ಇಲ್ಲದವರ ಹತ್ತಿರ ಅವರು ಯಾಕೆ ಕಡಿಮೆ ತಗೊಳ್ಳುತ್ತಾರೆ?

ಊರಿಗೆ ಬಂದ ಮೇಲೆ ಇಮೇಲ್ ಮಾಡಿದೆ, ಸ್ಕ್ರೀನ್‌ಶಾಟ್ ಹಾಕಿ. ಏಜೆಂಟ್ ಹೇಳಿದ್ದು, ನಮ್ಮ ಕೈಯಲ್ಲಿ ಏನಿಲ್ಲ, ಪ್ಯಾಕೇಜ್ ಕ್ರೂಸ್ ಕಂಪನಿಯದು. ಕ್ರೂಸ್ ಕಂಪನಿಯವರು ಹೇಳಿದ್ದು, ಲಾಡ್ಜಿನ ಹೆಸರು ವಿಳಾಸ ನಿಮ್ಮ ಪೇಪರಿನಲ್ಲೇ ಇತ್ತು, ಏಜೆಂಟ್ ಏನು ಹೇಳಿದರೋ ಅದಕ್ಕೆ ನಾವು ಹೊಣೆಯಲ್ಲ. ಅಂದರೆ ಇಬ್ಬರೂ ಹೊಣೆಯಲ್ಲ. ಆಮೇಲೆ ಏಜೆಂಟ್ ಆಫೀಸಿನಿಂದ ಇನ್ನೊಂದು ಮೆಸೇಜ್ ಬಂತು. ಮುಂದಿನ ಬುಕಿಂಗ್ ಮೇಲೆ 5% ಡಿಸ್ಕೌಂಟ್ ಕೊಡುತ್ತಾರಂತೆ, ಯೂರೋಪಿಗೆ ಹೋಗಿ ಅಂತ. ಇವರನ್ನು ನಂಬಿ ಇನ್ನೊಂದು ಸಲ ದುಡ್ಡು ಕೊಡಬೇಕಂತೆ.

ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಕಾರಿಲ್ಲದೆ ಡೆನಾಲಿ ನೋಡಬಹುದು. ಆಂಕರೇಜ್‌ನಿಂದ ಫೇರ್‌ಬ್ಯಾಂಕ್ಸ್‌ಗೆ ಬೇಸಿಗೆಯಲ್ಲಿ ದಿನಾ ‘ಡೆನಾಲಿ ಸ್ಟಾರ್’ ರೈಲು ಇದೆ, ಬೆಳಗ್ಗೆ ಹತ್ತಿದರೆ ಸಂಜೆ ನಾಲ್ಕರ ಹೊತ್ತಿಗೆ ಪಾರ್ಕಿನ ಬಾಗಿಲಲ್ಲೇ ಇಳಿಸುತ್ತದೆ. ಆ ಗೇಟಿನ ಹತ್ತಿರ ಹೋಟೆಲುಗಳ ಗುಂಪೇ ಇದೆ, ನಡೆದು ಹೋಗುವಷ್ಟರಲ್ಲಿ ಊಟ, ಅಂಗಡಿ ಸಿಗುತ್ತವೆ. ಪಾರ್ಕಿನ ಒಳಗೆ ಬೇಸಿಗೆಯಲ್ಲಿ ಸ್ವಂತ ಕಾರನ್ನು ಮೊದಲ 15 ಮೈಲಿ ಮಾತ್ರ ಬಿಡುತ್ತಾರೆ, ಮುಂದೆ ಹೋಗಕ್ಕೆ ಎಲ್ಲರಿಗೂ ಬಸ್ಸೇ. ರಸ್ತೆ ಒಟ್ಟು 92 ಮೈಲಿ. ಪ್ರೆಟ್ಟಿ ರಾಕ್ಸ್ ಹತ್ತಿರ ಗುಡ್ಡ ಜಾರಿ 2021ರಲ್ಲಿ ರಸ್ತೆ ಮುಚ್ಚಿದ ಮೇಲೆ ಬಸ್ಸುಗಳು 43ನೇ ಮೈಲಿವರೆಗೆ ಅಷ್ಟೇ ಹೋಗುತ್ತಿವೆ. ಪ್ಯಾಕೇಜಿನಲ್ಲಿ ಈ ಬಸ್ಸಿನ ಟಿಕೆಟ್ ಇದೆಯಾ, ಇದ್ದರೆ ಯಾವ ಬಸ್ಸು, ಎಷ್ಟು ದೂರ ಅಂತ ಕೇಳಿ. ಲಾಡ್ಜಿನಿಂದ ಪಾರ್ಕ್ ಗೇಟಿಗೆ ಎಷ್ಟು ಮೈಲಿ ಅಂತ ಬರೆಸಿಕೊಳ್ಳಿ. “ಹತ್ತಿರಾನೇ ಮೇಡಂ” ಅಂದರೆ ಒಪ್ಪಬೇಡಿ. ದಕ್ಷಿಣದ ಕಡೆಯ ಲಾಡ್ಜೇ ಬೇಕು ಅಂತಿದ್ದರೆ ಆಂಕರೇಜ್‌ನಲ್ಲಿ ಕಾರು ತಗೊಂಡೇ ಹೋಗಿ.

ನಾನಂತೂ ಬಿಡುವುದಿಲ್ಲ. 1915 ಗ್ರಾಹಕ ಸಹಾಯವಾಣಿಗೆ ಹೇಳಿದ್ದಾಗಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆದು ಇಟ್ಟಿದ್ದೇನೆ. 2019ರ ಕಾಯ್ದೆ ಬಂದ ಮೇಲೆ ನಾವಿರುವ ಊರಿನಲ್ಲೇ ದೂರು ಕೊಡಬಹುದು, ಎರಡು ವರ್ಷದ ಒಳಗೆ ಕೊಡಬೇಕು. ಇದೇ ರೀತಿ ‘ಡೆನಾಲಿ’ ಅಂತ ಹೇಳಿಸಿಕೊಂಡು ಮೋಸ ಹೋದವರು ಬೇರೆ ಯಾರಾದರೂ ಇದ್ದರೆ, ಏಜೆಂಟ್ ಜೊತೆಗಿನ ವಾಟ್ಸಾಪ್ ಚಾಟ್ ಡಿಲೀಟ್ ಮಾಡಬೇಡಿ, ನನಗೆ ಮೆಸೇಜ್ ಮಾಡಿ.